ಹಿಡಿದ ಮೊಲಕ್ಕೆ ನಾಲ್ಕು ಕಾಲಿವೆ

ಮೇ ತಿಂಗಳ ಮಧ್ಯಾಹ್ನ, ರಾಯಚೂರು. ನಮ್ಮ ಓಣಿಯ ಒಂದು ಮನೆಯ ಮಾಳಿಗೆಯ ಮೇಲೆ ತಗಡಿನ ಚಪ್ಪರ, ಅದರಡಿ ತಂತಿಯ ಪಂಜರ. ಒಳಗೆ ಎರಡು ಬಿಳಿ ಮೊಲ. ಒಂದು ಆಗಲೇ ಸತ್ತಿತ್ತು. ಇನ್ನೊಂದು ಸತ್ತದ್ದರ ಮೈಗೆ ಮೈ ಹಚ್ಚಿಕೊಂಡು, ಬಾಯಿ ತೆರೆದು ಏದುಸಿರು ಬಿಡುತ್ತಿತ್ತು. ಪ್ಲಾಸ್ಟಿಕ್ ಬಟ್ಟಲಿನ ನೀರಿಗೆ ಬೆರಳಿಟ್ಟೆ, ಚುರ್ ಅಂದಿತು. ಮೂಲೆಯಲ್ಲಿ ಮುರುಟಿದ ಗಜ್ಜರಿ, ಒಣಗಿ ಕಟ್ಟಿಗೆಯಾದ ಬ್ರೆಡ್ಡು. ಸಂಜೆಯ ಹೊತ್ತಿಗೆ ಅದೂ ಹೋಯಿತು. “ಬಿಸಿಲಿಗೆ ಹೋದ್ವು ನೋಡ್ರಿ” ಎಂದರು ಮನೆಯವರು.

ಇಲ್ಲ. ಬಿಸಿಲಿನ ಮೇಲೆ ಹಾಕಬೇಡಿ. ಕೃಷ್ಣೆ, ತುಂಗಭದ್ರೆಯರ ನಡುವಿನ ಈ ದೋಆಬಿನಲ್ಲಿ ಬೇಸಿಗೆ 40 ಡಿಗ್ರಿ ದಾಟುವುದು ಹಸುಗೂಸಿಗೂ ಗೊತ್ತು. ಮೊಲಕ್ಕೆ 30 ಡಿಗ್ರಿ ದಾಟಿದರೇ ಸಂಕಟ. ನಮ್ಮಂತೆ ಬೆವರಿ ತಣ್ಣಗಾಗಲು ಅದಕ್ಕೆ ಬಾರದು, ಮೈಯ ಕಾವು ಇಳಿಸಲು ಅದಕ್ಕಿರುವ ಮುಖ್ಯ ದಾರಿ ಆ ಎರಡು ಕಿವಿ. ಅಂಥ ಜೀವವನ್ನು ಕಾದ ತಗಡಿನಡಿ ಕೂಡಿಹಾಕಿದ್ದು ಬಿಸಿಲಲ್ಲ, ಮನುಷ್ಯ.

ಆ ಜೋಡಿಯನ್ನು ಕೊಂಡ ದಿನ ನಾನೂ ಜೊತೆಗಿದ್ದೆ. ಆಗ ಬಾಯಿ ಮುಚ್ಚಿಕೊಂಡು ನಿಂತ ತಪ್ಪು ನನ್ನದು, ಅದಕ್ಕೇ ಈಗ ಬರೆಯುತ್ತಿದ್ದೇನೆ. ಮಗುವಿನ ಹುಟ್ಟುಹಬ್ಬ. ಸಂತೆಯಲ್ಲಿ ಬಣ್ಣ ಹಚ್ಚಿದ ಕೋಳಿಮರಿಗಳ ಬುಟ್ಟಿಯ ಪಕ್ಕ ಮೊಲದ ಪಂಜರ.

“ಏನ್ ತಿಂತಾವಣ್ಣಾ ಇವು?”

“ಗಜ್ಜರಿ ಹಾಕ್ರಿ, ಬ್ರೆಡ್ ಹಾಕ್ರಿ, ಏನೂ ಆಗಂಗಿಲ್ಲ.”

“ಮರಿ ಹಾಕ್ತಾವೇನು?”

“ಎರಡೂ ಹೆಣ್ಣ ಅದಾವ್ರೀ ಅಕ್ಕಾರ. ಚಿಂತಿ ಬಿಡ್ರಿ.”

ಒಂದು ಮಾತೂ ನಿಜವಲ್ಲ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಹಟದ ಗಾದೆಯನ್ನು ನಾವು ಮಾತಿನಲ್ಲಿ ಬಳಸಿದ್ದು ಸಾಲದೆ, ಈಗ ಮೊಲದ ಮೇಲೇ ಪ್ರಯೋಗಿಸುತ್ತಿದ್ದೇವೆ. ಮಾರುವವನಿಗೆ ಅದು ಮೂರು ಕಾಲಿನ ಸರಕು, ಕೊಳ್ಳುವವರಿಗೆ ಮೂರು ಕಾಲಿನ ಆಟಿಕೆ. ನಾಲ್ಕನೆಯ ಕಾಲು ಎಣಿಸುವವರಿಲ್ಲ.

ನಾನು ಎಣಿಸುತ್ತೇನೆ. ಕೇಳಿ.

ಮೊದಲನೆಯದು ಮೇವು. ಮೊಲದ ಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ. ಅದನ್ನು ಸವೆಸುವುದು ಒಣಹುಲ್ಲು, ದಿನವಿಡೀ ಅಗಿಯುವ ಒಣಹುಲ್ಲು. ಅದರ ಊಟದ ಬಹುಪಾಲು ಹುಲ್ಲೇ ಆಗಿರಬೇಕು. ಜೊತೆಗೆ ಒಂದು ಹಿಡಿ ಹಸಿ ಸೊಪ್ಪು, ಗರಿಕೆ, ಕೊತ್ತಂಬರಿ. ಗಜ್ಜರಿ ಅದಕ್ಕೆ ಬೆಲ್ಲವಿದ್ದಂತೆ, ಎಂದಾದರೊಮ್ಮೆ ಒಂದು ಚೂರು ಸಾಕು. ಬ್ರೆಡ್ಡು, ಬಿಸ್ಕತ್ತು, ಅನ್ನ ಹೊಟ್ಟೆ ಕೆಡಿಸುತ್ತವೆ. ಕುದುರೆ ಮೆಂತೆ ಬೆಳೆಯುವ ಮರಿಗೆ ಒಳ್ಳೆಯದು, ಬೆಳೆದ ಮೊಲಕ್ಕೆ ಅದರ ಸುಣ್ಣದಂಶ ಭಾರ. ಮಳೆ ಕಾಣದೆ ಕುಗ್ಗಿದ ಎಳೆ ಜೋಳದ ಪೈರು ದನಕ್ಕೇ ವಿಷ ಎಂದು ನಮ್ಮ ರೈತರಿಗೆ ಗೊತ್ತು, ಅದನ್ನು ಮೊಲದ ಹತ್ತಿರವೂ ಸುಳಿಯಗೊಡಬಾರದು. ಹತ್ತಿಗೆ ಔಷಧಿ ಹೊಡೆದ ಹೊಲದ ಬದುವಿನಿಂದ ಹುಲ್ಲು ಕಿತ್ತು ತರಬಾರದು. ಅರ್ಧ ದಿನ ಮೇವು ಮುಟ್ಟದೆ ಕೂತ ಮೊಲದ ಕರುಳು ನಿಲ್ಲುತ್ತಿದೆ ಎಂದೇ ಅರ್ಥ, ನಾಳೆ ನೋಡೋಣ ಅಂದರೆ ನಾಳೆಗೆ ಅದು ಇರುವುದಿಲ್ಲ.

ಮೇವಿನ ಮಾತಿಗೇ ನನ್ನ ಹೊಟ್ಟೆ ಉರಿಯುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಮಾನ್ವಿಯ ಗದ್ದೆಗಳಲ್ಲಿ ಯಂತ್ರ ಭತ್ತ ಕೊಯ್ದು ಹೋದ ಮೇಲೆ ಉಳಿದ ಹುಲ್ಲಿಗೆ ಬೆಂಕಿ ಇಡುತ್ತಾರೆ. ಮುಂದಿನ ಬೆಳೆಗೆ ಹೊತ್ತಾಯಿತು, ಆಳು ಸಿಗುವುದಿಲ್ಲ ಎನ್ನುತ್ತಾರೆ. ರೈತನ ಕಷ್ಟ ನನಗೆ ಗೊತ್ತು, ಆ ಹುಲ್ಲನ್ನು ಪೆಂಡಿ ಕಟ್ಟಿಸಿ ಕೊಳ್ಳುವ ವ್ಯವಸ್ಥೆ ಮಾಡದೆ ಕೂತವರನ್ನು ನಾನು ಕೇಳುತ್ತಿದ್ದೇನೆ. ಒಂದು ಕಡೆ ಮೇವು ಹೊಗೆಯಾಗುತ್ತದೆ, ಇನ್ನೊಂದು ಕಡೆ ಪಂಜರದ ಮೊಲ ಬ್ರೆಡ್ಡು ತಿಂದು ಸಾಯುತ್ತದೆ. ಇವೆರಡರ ನಡುವೆ ಯಾರ ಲೆಕ್ಕಕ್ಕೂ ಬಾರದ ಜೀವ ಒಂದಿದೆ: ನಮ್ಮ ಹೊಲದ ಕಾಡುಮೊಲ. ಅದು ಬಿಲ ತೋಡುವ ಜಾತಿಯಲ್ಲ. ಹುಲ್ಲಿನ ಮರೆಯಲ್ಲಿ ನೆಲಕ್ಕೆ ಮೈಯೊತ್ತಿ ಅಡಗುವುದೇ ಅದರ ಮರಿಗೆ ತಾಯಿ ಕೊಟ್ಟ ಬುದ್ಧಿ. ಬೆಂಕಿ ಬಂದರೂ ಮರಿ ಅಲ್ಲಾಡದೆ ಕೂರುತ್ತದೆ. ಕೂತಲ್ಲೇ ಬೇಯುತ್ತದೆ.

ಎರಡನೆಯದು ನೆಲೆ. ತಂತಿಯ ತಳದ ಮೇಲೆ ನಿಂತು ನಿಂತು ಹಿಂಗಾಲಿನ ತುಪ್ಪಳ ಉದುರಿ ಹುಣ್ಣಾಗುತ್ತದೆ. ಮೊಲದ ಅಂಗಾಲಿಗೆ ನಾಯಿ ಬೆಕ್ಕಿನಂತೆ ಮೆತ್ತೆಯಿಲ್ಲ. ಒಂದು ಜೋಡಿಗೆ 10 ಅಡಿ ಉದ್ದ, 6 ಅಡಿ ಅಗಲದ ಜಾಗ ಬೇಕು, ನೆಗೆಯಲು, ಹಿಂಗಾಲಿನ ಮೇಲೆ ಎದ್ದು ನಿಲ್ಲಲು. ನಮ್ಮ ಹಳೆಯ ಮನೆಗಳಲ್ಲಿ ಶಹಾಬಾದಿ ಕಲ್ಲು ಹಾಸಿದ ನಡುಮನೆ ಇದೆಯಲ್ಲ, ಬೇಸಿಗೆಗೆ ಅದಕ್ಕಿಂತ ಒಳ್ಳೆಯ ನೆಲೆ ಎಲ್ಲಿದೆ? ಅರ್ಧ ನೆಲಕ್ಕೆ ಗೋಣಿತಟ್ಟು ಹಾಸಿ, ಕಾಲು ಜಾರದಂತೆ. ಕಿಟಕಿಗೆ ಒದ್ದೆ ಗೋಣಿ ಕಟ್ಟಿ. ಉರುಳದಂಥ ಭಾರದ ಮಣ್ಣಿನ ಬಟ್ಟಲಲ್ಲಿ ನೀರಿಡಿ, ಹಗಲಲ್ಲಿ ನಾಲ್ಕು ಸಲ ಬದಲಿಸಿ. ಇಷ್ಟಕ್ಕೆ ಆಗುವ ಖರ್ಚು ಆ ಪಂಜರದ ಬೆಲೆಗಿಂತ ಕಡಿಮೆ.

ಮೂರನೆಯದು ಜೊತೆ. ಒಂಟಿ ಮೊಲ ಕೊರಗುತ್ತದೆ, ಆದರೆ ಎರಡನ್ನು ಒಂದೇ ಪಂಜರಕ್ಕೆ ಎಸೆದರೆ ಜೋಡಿಯಾಗುವುದಿಲ್ಲ. ಬಲಿತ ಎರಡು ಗಂಡು ಹೊಟ್ಟೆ ಬಗಿಯುವ ಹಾಗೆ ಕಾದಾಡುತ್ತವೆ. ಒಂದು ಗಂಡು ಒಂದು ಹೆಣ್ಣಾದರೆ ಸುಮಾರು 31 ದಿನಕ್ಕೆ ಮರಿ, ಮರಿ ಹಾಕಿದ ದಿನವೇ ಹೆಣ್ಣು ಮತ್ತೆ ಬಸಿರಾಗಬಲ್ಲದು. ಮೊದಲು ಪಶುವೈದ್ಯರಿಗೆ ತೋರಿಸಿ ಗಂಡೋ ಹೆಣ್ಣೋ ತಿಳಿದುಕೊಳ್ಳಿ, ಸಂತಾನಹರಣ ಮಾಡಿಸಿ. ಗಂಡಿಗೆ ಮಾಡಿಸಿದ ಮೇಲೂ ಆರು ವಾರ ಹೆಣ್ಣಿನಿಂದ ದೂರವಿಡಿ. ಆಮೇಲೆ ಅಕ್ಕಪಕ್ಕದ ಗೂಡಿನಲ್ಲಿಟ್ಟು ಒಂದರ ಹಾಸಿಗೆಯ ಹುಲ್ಲನ್ನು ಇನ್ನೊಂದಕ್ಕೆ ಹಾಕಿ, ವಾಸನೆಯ ಪರಿಚಯವಾಗಲಿ. ಎರಡಕ್ಕೂ ಹೊಸದಾದ ಜಾಗದಲ್ಲಿ ದಿನಕ್ಕೆ ಸ್ವಲ್ಪ ಹೊತ್ತು, ನಿಮ್ಮ ಕಣ್ಣೆದುರೇ ಕೂಡಿಸಿ. ಒಂದು ಇನ್ನೊಂದರ ಹಣೆ ನೆಕ್ಕಿದ ದಿನ ನಂಟು ಕುದುರಿತು ಎನ್ನಿ. ಇದಕ್ಕೆ ವಾರಗಳು ಹಿಡಿಯಬಹುದು. ಮದುವೆಯ ಮಾತುಕತೆಗೆ ತಿಂಗಳುಗಟ್ಟಲೆ ಓಡಾಡುವ ನಮಗೆ ಇಷ್ಟು ತಾಳ್ಮೆ ಇಲ್ಲವೇ?

ನಾಲ್ಕನೆಯದು ಆಯುಷ್ಯ. ಚೆನ್ನಾಗಿ ನೋಡಿಕೊಂಡರೆ ಮೊಲ 8ರಿಂದ 12 ವರ್ಷ ಬದುಕುತ್ತದೆ. ಒಂದನೇ ತರಗತಿಯ ಮಗುವಿಗೆ ಕೊಡಿಸಿದರೆ ಆ ಮಗು ಹೈಸ್ಕೂಲು ಮುಗಿಸುವವರೆಗೆ ಇರಬೇಕಾದ ಜೀವ. ಒಂದು ಬೇಸಿಗೆಗೇ ಮುಗಿಯುತ್ತಿದೆ.

ಸಾಕಾಗಿ ಹೋದವರು ಮಾಡುವ ಇನ್ನೊಂದು ಪಾಪವಿದೆ. ದೇವದುರ್ಗದ ಕಡೆ ನಾರಾಯಣಪುರ ಬಲದಂಡೆ ಕಾಲುವೆಯ ಬದಿಯಲ್ಲಿ ಒಬ್ಬರು ಚೀಲದಿಂದ ಬಿಳಿ ಮೊಲ ಬಿಡುವುದನ್ನು ನೋಡಿದೆ. “ಕಾಡಿನ ಪ್ರಾಣಿ, ಕಾಡಿಗೆ ಸೇರ್ಲಿ ಬಿಡ್ರಿ” ಎಂದು ಕೈಮುಗಿದು ಹೊರಟರು, ಪುಣ್ಯ ಮಾಡಿದವರಂತೆ. ಸಾಕುಮೊಲ ಯುರೋಪಿನ ಮೂಲದ್ದು. ನಮ್ಮ ಕಾಡುಮೊಲಕ್ಕೂ ಅದಕ್ಕೂ ಕುಲವೇ ಬೇರೆ, ಎರಡರ ನಡುವೆ ಸಂತಾನವೂ ಆಗುವುದಿಲ್ಲ. ಕಪ್ಪು ಎರೆಮಣ್ಣಿನ ಮೇಲೆ ಆ ಬಿಳಿ ಮೈ ಹರದಾರಿ ದೂರಕ್ಕೆ ಕಾಣುತ್ತದೆ. ರಾತ್ರಿ ಕಳೆಯುವುದರೊಳಗೆ ನಾಯಿಯೋ ಮುಂಗುಸಿಯೋ ಹರಿದು ತಿನ್ನುತ್ತದೆ. ಅದನ್ನು ಬಿಡುಗಡೆ ಎನ್ನಬೇಡಿ.

ನಿಜವಾಗಿ ಈ ನೆಲದ ಮೊಲಕ್ಕಾದರೂ ನಾವು ಏನು ಉಳಿಸಿದ್ದೇವೆ? ಬದು ಕಿತ್ತೆವು, ಹುಲ್ಲುಗಾವಲು ಉತ್ತೆವು, ಮರಡಿಗಳನ್ನು ಜೆಸಿಬಿಗೆ ಕೊಟ್ಟೆವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಾಡುಮೊಲದ ಬೇಟೆಯನ್ನು ಅಪರಾಧವೆನ್ನುತ್ತದೆ, ಆದರೂ ಯುಗಾದಿಯ ಆಸುಪಾಸು ಬಲೆ, ಬಡಿಗೆ, ನಾಯಿ ಹಿಡಿದು ಹೊರಡುವ ಗುಂಪುಗಳು ಇನ್ನೂ ಇವೆ. ಅಟ್ಟಿಸಿಕೊಂಡು ಬಂದ ಬೇಟೆನಾಯಿಗಳನ್ನೇ ಮೊಲ ತಿರುಗಿ ಅಟ್ಟಿದ ಗಂಡುಮೆಟ್ಟಿನ ನೆಲ ಎಂದು ತುಂಗಭದ್ರೆಯ ಆಚೆದಂಡೆಯ ವಿಜಯನಗರದ ಐತಿಹ್ಯ ಹೇಳಿ ಹೆಮ್ಮೆಪಡುತ್ತೇವೆ. ಕಥೆಯ ಮೊಲಕ್ಕೆ ಜೈಕಾರ, ಹೊಲದ ಮೊಲಕ್ಕೆ ಬಡಿಗೆ, ಮನೆಯ ಮೊಲಕ್ಕೆ ತಗಡು.

ಕಾನೂನು ಇಲ್ಲವೇ? ಇದೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಂತೆ ಮೈ ಅಲ್ಲಾಡಿಸಲಾಗದ ಪಂಜರದಲ್ಲಿ ಕೂಡಿಹಾಕುವುದು, ಮೇವು ನೀರು ನೆಲೆ ಕೊಡದಿರುವುದು, ಸಾಕಿ ಬೀದಿಪಾಲು ಮಾಡುವುದು ಅಪರಾಧ. ಮೊದಲ ಸಲದ ದಂಡ ಎಷ್ಟು ಗೊತ್ತೇ? 10ರಿಂದ 50 ರೂಪಾಯಿ. ಎರಡು ಪ್ಲೇಟು ಮಿರ್ಚಿಯ ದುಡ್ಡು! 2018ರ ನಿಯಮದಂತೆ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸದೆ ಸಾಕುಪ್ರಾಣಿಗಳ ಅಂಗಡಿ ನಡೆಸುವಂತಿಲ್ಲ. ಸಂತೆಯ ಬುಟ್ಟಿಗಳ ಮುಂದೆ ನಿಂತು ಆ ನೋಂದಣಿ ಪತ್ರ ತೋರಿಸು ಎಂದು ಕೇಳಿದ ಅಧಿಕಾರಿಯನ್ನು ನಾನು ಒಬ್ಬರನ್ನೂ ಕಂಡಿಲ್ಲ.

ಆದ್ದರಿಂದ ಕೇಳುತ್ತೇನೆ, ಬೇಡುತ್ತಿಲ್ಲ. ಪರವಾನಗಿ ಇಲ್ಲದ ಮಾರಾಟ ನಿಲ್ಲಿಸಿ, ನಗರದಲ್ಲೂ ದೇವದುರ್ಗ, ಮಾನ್ವಿಯ ಸಂತೆಗಳಲ್ಲೂ. ತಾಲೂಕು ಪಶು ಆಸ್ಪತ್ರೆಗಳಲ್ಲಿ ಮೊಲದ ಚಿಕಿತ್ಸೆ ಬಲ್ಲವರಿರಲಿ, ಬೀದರಿನಲ್ಲೇ ಪಶುವೈದ್ಯಕೀಯ ವಿಶ್ವವಿದ್ಯಾಲಯವಿದೆ, ತರಬೇತಿಗೆ ಹೊರರಾಜ್ಯಕ್ಕೆ ಹೋಗಬೇಕಿಲ್ಲ. ಭತ್ತದ ಹುಲ್ಲು ಸುಡುವ ಮೊದಲೇ ಕೊಳ್ಳುವವರನ್ನು ಗದ್ದೆಗೆ ಕಳಿಸಿ. ಮನೆಯವರೇ, ಹತ್ತು ವರ್ಷ ನೋಡಿಕೊಳ್ಳುವ ಮನಸ್ಸಿಲ್ಲದಿದ್ದರೆ ಮಗುವಿಗೆ ಚಂದ್ರನ ಮೈಮೇಲಿನ ಮೊಲ ತೋರಿಸಿ ಸಾಕು.

ಆ ಮಾಳಿಗೆಯ ಪಂಜರ ಇನ್ನೂ ಅಲ್ಲೇ ಇದೆ. ತೊಳೆದು ಒಣಗಿಸಿಟ್ಟಿದ್ದಾರೆ. ಮುಂದಿನ ಹುಟ್ಟುಹಬ್ಬಕ್ಕೆ ಮತ್ತೊಂದು ಜೋಡಿ ತರುತ್ತಾರಂತೆ. ಈ ಸಲ ನಾನು ಬಾಯಿ ಮುಚ್ಚಿಕೊಂಡು ನಿಲ್ಲುವುದಿಲ್ಲ. ಗುಜರಿಯವನು ನಾಳೆ ಓಣಿಗೆ ಬರುತ್ತಾನೆ. ಆ ಪಂಜರವನ್ನು ಅವನ ತಕ್ಕಡಿಗೆ ಏರಿಸುವವರೆಗೂ ಆ ಮನೆಯ ಮೆಟ್ಟಿಲು ಬಿಟ್ಟು ಏಳುವುದಿಲ್ಲ.