ತುರ್ತು ಕರೆಗೆ ಒಂದೇ ಕೇಂದ್ರ: ಖರ್ಚು ಯಾರ ಪಾಲಿಗೆ?

ಅಮೆರಿಕದಲ್ಲಿ 911ಕ್ಕೆ ಕರೆ ಮಾಡಿದರೆ ಪೊಲೀಸ್, ಅಗ್ನಿಶಾಮಕ ದಳ, ಆಂಬುಲೆನ್ಸ್ ಮೂರಕ್ಕೂ ಸುದ್ದಿ ತಲಪುತ್ತದೆ ಎಂಬುದನ್ನು ಅಲ್ಲಿ ಮಕ್ಕಳಿರುವ ನಮ್ಮ ವಾಚಕರು ಬಲ್ಲರು. ಆದರೆ ಆ ಕರೆಯನ್ನು ಸ್ವೀಕರಿಸುವುದು ಕೇಂದ್ರ ಸರಕಾರವಲ್ಲ. 1968ರಲ್ಲಿ ಅಲಬಾಮಾ ರಾಜ್ಯದ ಹೇಲಿವಿಲ್ ಎಂಬ ಪುಟ್ಟ ಊರಿನಲ್ಲಿ ಮೊದಲ ಕರೆ ಹೋದಂದಿನಿಂದ ಇದು ಬಹುತೇಕ ಸ್ಥಳೀಯ ಆಡಳಿತಗಳ ಹೊಣೆ. ಹೀಗಾಗಿ ಆ ದೇಶದಲ್ಲಿ ಕರೆ ಕೇಂದ್ರಗಳು ಸಾವಿರಾರು. ಅಕ್ಕಪಕ್ಕದ ಊರುಗಳು ಸೇರಿ ಒಂದೇ ಕೇಂದ್ರ ನಡೆಸುವುದು ಒಳಿತೆಂದು ಒಪ್ಪುವವರೂ ಖರ್ಚು ಹಂಚುವ ಮಾತು ಬಂದೊಡನೆ ಹಿಂದೆ ಸರಿಯುತ್ತಾರೆ.

ಒಂದುಗೂಡುವ ಕಾರಣ ಸರಳ ಲೆಕ್ಕದಲ್ಲಿದೆ. ವಾರಕ್ಕೆ 168 ಗಂಟೆ. ಒಬ್ಬ ನೌಕರ ದುಡಿಯುವುದು 40 ಗಂಟೆ. ಹಗಲಿರುಳು ಒಂದು ಕುರ್ಚಿ ಖಾಲಿಯಾಗದಂತೆ ನೋಡಿಕೊಳ್ಳಲು ನಾಲ್ವರು ಸಾಲರು. ರಜೆ, ಅಸೌಖ್ಯ, ತರಬೇತಿ ಸೇರಿಸಿದರೆ ಐವರಾದರೂ ಬೇಕು. ಹೃದಯ ನಿಂತವನ ಮಡದಿಗೆ ಎದೆ ಒತ್ತುವ ಕ್ರಮವನ್ನು ಫೋನಿನಲ್ಲೇ ಹೇಳಿಕೊಡುತ್ತಿರುವ ಹೊತ್ತಿಗೆ ಇನ್ನೊಂದು ಮನೆಗೆ ಬೆಂಕಿ ಬಿದ್ದರೆ? ಆದ್ದರಿಂದ ಎರಡು ಕುರ್ಚಿ, ಹತ್ತು ಜನ. ಸಣ್ಣ ಪಟ್ಟಣಕ್ಕೆ ಇದು ಹೊರಲಾರದ ಹೊರೆ. ನಾಲ್ಕು ಪಟ್ಟಣಗಳು ಸೇರಿದರೆ ಎಂಟು ಕುರ್ಚಿ ಬೇಕಾಗದು.

ಇಲಿನಾಯ್ ರಾಜ್ಯವು 2015ರಲ್ಲಿ ಕಾನೂನು ಮಾಡಿ, ಅನೇಕ ಸಣ್ಣ ಕೇಂದ್ರಗಳು 2017ರೊಳಗೆ ವಿಲೀನವಾಗಲೇಬೇಕೆಂದು ವಿಧಿಸಿತು. 2018ರಿಂದ ಚಿಕಾಗೊ ನಗರದ ಹೊರಗೆ ಪ್ರತಿ ಫೋನ್ ಸಂಪರ್ಕಕ್ಕೆ ತಿಂಗಳಿಗೆ ಒಂದೂವರೆ ಡಾಲರ್ ಶುಲ್ಕವೂ ನಿಗದಿಯಾಯಿತು. ಇಂತಹ ಶುಲ್ಕ ಸಾಮಾನ್ಯವಾಗಿ ಪೂರ್ಣ ಖರ್ಚಿಗೆ ಸಾಲದು, ಉಳಿದದ್ದನ್ನು ಊರಿನ ಬೊಕ್ಕಸವೇ ತುಂಬಬೇಕು. (ನ್ಯೂಯಾರ್ಕ್, ನ್ಯೂಜೆರ್ಸಿ ರಾಜ್ಯಗಳು ಈ ಶುಲ್ಕದ ಹಣವನ್ನು ಬೇರೆ ಕೆಲಸಗಳಿಗೆ ತಿರುಗಿಸಿದ್ದನ್ನು ಅಲ್ಲಿನ ಫೆಡರಲ್ ಸಂಪರ್ಕ ಆಯೋಗದ ವರದಿಗಳು ಮತ್ತೆ ಮತ್ತೆ ಎತ್ತಿ ಹೇಳಿವೆ.)

ಹಾಗಾದರೆ ಯಾವ ಊರು ಎಷ್ಟು ಕೊಡಬೇಕು? ಧರ್ಮಕೇಂದ್ರದ ಪಾಲನಾ ಮಂಡಳಿಯಲ್ಲಿ ವಂತಿಗೆ ನಿಗದಿಪಡಿಸಲು ಕುಳಿತವರಿಗೆ ಈ ಜಗಳ ಹೊಸತಲ್ಲ. ತಲೆಲೆಕ್ಕವೋ, ಆಸ್ತಿಯ ಲೆಕ್ಕವೋ, ಉಪಯೋಗದ ಲೆಕ್ಕವೋ?

ವಾಷಿಂಗ್ಟನ್ ರಾಜ್ಯದ ಸಿಯಾಟಲ್ ನಗರದ ದಕ್ಷಿಣಕ್ಕೆ ಕೆಂಟ್, ಆಬರ್ನ್, ರೆಂಟನ್, ಟುಕ್ವಿಲಾ ಎಂಬ ನಾಲ್ಕು ಊರುಗಳು 1976ರಲ್ಲೇ ಸೇರಿ 'ವ್ಯಾಲಿ ಕಮ್ಯುನಿಕೇಷನ್ಸ್' ಎಂಬ ಕೇಂದ್ರ ಕಟ್ಟಿದವು. ಮುಂದೆ ಫೆಡರಲ್ ವೇ ನಗರವೂ ಜತೆಯಾಯಿತು. 2020ರ ಜನಗಣತಿಯಂತೆ ಕೆಂಟ್‌ನ ಜನಸಂಖ್ಯೆ ಸುಮಾರು 1,36,000. ಟುಕ್ವಿಲಾದ್ದು 22,000ಕ್ಕೂ ತುಸು ಕಡಿಮೆ. ಆದರೆ ಟುಕ್ವಿಲಾದಲ್ಲಿ ಸೌತ್‌ಸೆಂಟರ್ ಎಂಬ ಬೃಹತ್ ಮಾಲ್ ಇದೆ. ಹಗಲು ಹೊತ್ತು ಅಲ್ಲಿರುವವರು ಊರಿನ ನಿವಾಸಿಗಳಿಗಿಂತ ಎಷ್ಟೋ ಹೆಚ್ಚು. ಇಂತಹ ಊರು ತಲೆಲೆಕ್ಕದಲ್ಲಿ ಅಗ್ಗವಾಗಿ ಪಾರಾಗುತ್ತದೆ. ಕರೆಗಳ ಲೆಕ್ಕ ಹಿಡಿದರೆ, ಮಾಲ್‌ಗೆ ಬಂದ ನೆರೆಯೂರಿನವರ ಜೇಬುಗಳ್ಳತನದ ದೂರಿಗೂ ಟುಕ್ವಿಲಾವೇ ಕಾಸು ಕೊಡಬೇಕಾಗುತ್ತದೆ. ಮಾಲ್‌ನ ತೆರಿಗೆಯನ್ನೂ ಅದೇ ಪಡೆಯುವುದರಿಂದ ಇದು ಅನ್ಯಾಯವೆಂದು ನಮಗೆ ತೋರುವುದಿಲ್ಲ. ಒಳಗೆ ಒಂದೇ ದೊಡ್ಡ ವೃದ್ಧಾಶ್ರಮವಿದ್ದು, ದಿನಕ್ಕೆರಡು ಬಾರಿ ಆಂಬುಲೆನ್ಸ್ ಕರೆಯಬೇಕಾದ ಬಡ ಊರಿನ ವಿಷಯ ಬೇರೆ. ಒಂದೇ ಅಪಘಾತಕ್ಕೆ ಇಪ್ಪತ್ತು ಮಂದಿ ಮೊಬೈಲ್ ಎತ್ತುವ ಈ ಕಾಲದಲ್ಲಿ ಎಣಿಸಬೇಕಾದುದು ಕರೆಯನ್ನೋ ಘಟನೆಯನ್ನೋ ಎಂಬ ತಕರಾರೂ ಉಂಟು.

ಪೂರ್ತಿ ಕರೆಯ ಲೆಕ್ಕದ ಮೇಲೆ ಹಂಚುವುದನ್ನು ನಾವು ಒಪ್ಪಲಾರೆವು. ಈ ಕೇಂದ್ರದ ಖರ್ಚಿನ ದೊಡ್ಡ ಪಾಲು ಕರೆ ಬಂದದ್ದಕ್ಕಲ್ಲ, ಬಂದೀತೆಂದು ಎಚ್ಚರವಿದ್ದು ಕಾಯುವುದಕ್ಕೆ. ಒಂದು ಕರೆಯೂ ಬಾರದ ರಾತ್ರಿಯಲ್ಲೂ ಕುರ್ಚಿಯಲ್ಲಿ ಕುಳಿತವನಿಗೆ ಸಂಬಳ ಕೊಡಬೇಕು. ಕಾಯುವ ಖರ್ಚನ್ನು ಜನಸಂಖ್ಯೆಯಂತೆ ಎಲ್ಲರೂ ಹೊತ್ತು, ಅದರ ಮೇಲಿನದ್ದನ್ನು ಉಪಯೋಗದಂತೆ ಹಂಚಿದರೆ ನ್ಯಾಯ ಹೆಚ್ಚು. ಇಲ್ಲವಾದರೆ ಪ್ರತಿ ಕರೆಯೂ ಊರಿನ ಲೆಕ್ಕಿಗನ ಕಣ್ಣಿಗೆ ಬಿಲ್ ಆಗಿ ಕಾಣುತ್ತದೆ. ಕರೆ ಮಾಡಬೇಡಿರೆಂದು ಯಾವ ಊರೂ ಬಾಯಿಬಿಟ್ಟು ಹೇಳದು, ಆದರೆ ಹಾಗೆ ಯೋಚಿಸಲಾರಂಭಿಸುವುದೇ ಅಪಾಯ.

ಒಬ್ಬರು ಹೊರನಡೆದರೆ ಕಟ್ಟಡ, ಯಂತ್ರಗಳ ಸಾಲ ಉಳಿದವರ ತಲೆಗೆ ಬೀಳುತ್ತದೆ. ಆದುದರಿಂದ ಒಪ್ಪಂದದಲ್ಲಿ ಸೇರುವ ಷರತ್ತಿಗಿಂತ ಬಿಡುವ ಷರತ್ತನ್ನೇ ಹೆಚ್ಚು ಎಚ್ಚರದಿಂದ ಬರೆಯಬೇಕು. ಮೊದಲ ವರ್ಷಗಳಲ್ಲಿ ಉಳಿತಾಯದ ಆಸೆಯೂ ಬೇಡ, ಹೊಸ ಯಂತ್ರಗಳ ಖರ್ಚು ಅದನ್ನು ನುಂಗಬಹುದು.

ನಮ್ಮ ರಾಜ್ಯದಲ್ಲಿ 2008ರಲ್ಲಿ ಆರಂಭವಾದ 108 ಸೇವೆಗೆ ಈ ಜಗಳವಿಲ್ಲ, ಏಕೆಂದರೆ ನಗರಸಭೆ, ಪುರಸಭೆಗಳು ಅದಕ್ಕೆ ವಂತಿಗೆ ಕೊಡುವುದಿಲ್ಲ. ಆದರೆ 2022ರ ಸೆಪ್ಟೆಂಬರ್‌ನಲ್ಲಿ ತಾಂತ್ರಿಕ ದೋಷದಿಂದ ಆ ಸಂಖ್ಯೆ ಕೈಕೊಟ್ಟಾಗ ತೊಂದರೆ ರಾಜ್ಯಕ್ಕೆಲ್ಲ ಒಮ್ಮೆಲೇ ಆಯಿತು. ಎಲ್ಲವನ್ನೂ ಒಂದೇ ಸೂರಿನಡಿ ತಂದವರು ಬದಲಿ ಕೇಂದ್ರವೊಂದನ್ನು ಸಿದ್ಧವಾಗಿಡಬೇಕು. ಖರ್ಚು ಹಂಚುವ ಮೇಜಿನಲ್ಲಿ ಮೊದಲು ಕತ್ತರಿ ಬೀಳುವುದು ಅದಕ್ಕೇ. ಕೆಂಟ್, ಟುಕ್ವಿಲಾಗಳಂತಹ ಊರುಗಳು ಹಣ ಕೊಡುವುದರಿಂದ ಆಡಳಿತ ಮಂಡಳಿಯಲ್ಲಿ ಕುಳಿತು ಅದರ ಬಗ್ಗೆ ಪ್ರಶ್ನೆ ಕೇಳುತ್ತವೆ. ಕುಂದಾಪುರದ ಪುರಸಭೆಗೆ ಅಂತಹ ಕುರ್ಚಿ ಎಲ್ಲೂ ಇಲ್ಲ.