ಬೆಟ್ಟದ ಶಿಲುಬೆಗಳು ಹೋದ ಮೇಲೆ: ತಪಸ್ಸು ಕಾಲಕ್ಕೊಂದು ಚಿಂತನೆ

ತಪಸ್ಸು ಕಾಲ ಬಂತೆಂದರೆ ನಮ್ಮ ಕರಾವಳಿಯ ಧರ್ಮಕೇಂದ್ರಗಳಲ್ಲಿ ಶುಕ್ರವಾರದ ಶಿಲುಬೆ ಹಾದಿ, ಧ್ಯಾನಕೂಟ, ಪಾಪನಿವೇದನೆ ಎಲ್ಲವೂ ಕ್ರಮವಾಗಿ ನಡೆಯುತ್ತವೆ. ಹಾಗೆ ತಪ್ಪದೆ ನಡೆಯುವುದರಿಂದಲೇ ಅವುಗಳ ಅರ್ಥವನ್ನು ಕೇಳಿಕೊಳ್ಳುವ ಪ್ರಸಂಗ ನಮಗೆ ಬರುವುದು ಕಡಿಮೆ. ಆದರೆ ಈ ಕ್ರಮ ನಡುವೆಯೇ ಮುರಿದ ಒಂದು ಹಳ್ಳಿ ನಮ್ಮ ರಾಜ್ಯದಲ್ಲೇ ಇದೆ.

ಅದು ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿ ತಾಲೂಕಿನ ದೊಡ್ಡಸಾಗರಹಳ್ಳಿ. ವಿಮಾನ ನಿಲ್ದಾಣದಿಂದಾಗಿ ದೇವನಹಳ್ಳಿಯ ಹೆಸರು ಎಲ್ಲರಿಗೂ ಗೊತ್ತು. ಈ ಹಳ್ಳಿಯ ಹೆಸರು ಹೊರಗೆ ಕೇಳಿಬಂದದ್ದು 2020ರ ಮಾರ್ಚ್‌ನಲ್ಲಿ. ಅಲ್ಲಿನ ಮಹಿಮಾ ಬೆಟ್ಟದಲ್ಲಿ, ಕ್ರೈಸ್ತರ ಸ್ಮಶಾನವಿರುವ ಜಾಗದಲ್ಲಿ, ಸುಮಾರು 12 ಅಡಿ ಎತ್ತರದ ಯೇಸುವಿನ ಪ್ರತಿಮೆ ಮತ್ತು ಶಿಲುಬೆ ಹಾದಿಯ 14 ಶಿಲುಬೆಗಳಿದ್ದವು. ಆ ವರ್ಷ ವಿಭೂತಿ ಬುಧವಾರ ಬಂದದ್ದು ಫೆಬ್ರವರಿ 26ರಂದು. ಅದಾಗಿ ಸುಮಾರು ಒಂದು ವಾರದಲ್ಲಿ, ಕೆಲವು ಸಂಘಟನೆಗಳ ಆಕ್ಷೇಪದ ನಂತರ, ಪ್ರತಿಮೆ ಮತ್ತು ಶಿಲುಬೆಗಳನ್ನು ತೆರವುಗೊಳಿಸಲಾಯಿತು. ಬೆಂಗಳೂರಿನ ಮಹಾಧರ್ಮಾಧ್ಯಕ್ಷರಾದ ಪರಮಪೂಜ್ಯ ಪೀಟರ್ ಮಚಾದೊ ಅವರು ಇದನ್ನು ಬಹಿರಂಗವಾಗಿಯೇ ಖಂಡಿಸಿದರು.

ಅದೇ ತಪಸ್ಸು ಕಾಲ ಮುಗಿಯುವ ಮೊದಲೇ ಕೋವಿಡ್ ಬಂತು. ಮಾರ್ಚ್ 25ರಿಂದ ದೇಶವೆಲ್ಲ ಲಾಕ್‌ಡೌನ್. ಏಪ್ರಿಲ್ 10ರ ಶುಭ ಶುಕ್ರವಾರ ಮತ್ತು 12ರ ಪಾಸ್ಕ ಹಬ್ಬದಂದು ನಮ್ಮ ದೇವಾಲಯಗಳ ಬಾಗಿಲುಗಳೂ ಮುಚ್ಚಿದ್ದವು. ಬೆಟ್ಟದ ಶಿಲುಬೆ ಕಳೆದುಕೊಂಡವರಿಗೂ ದೊಡ್ಡ ದೇವಾಲಯವುಳ್ಳವರಿಗೂ ಆ ವರ್ಷ ಒಂದೇ ಪ್ರಶ್ನೆ: ಜಾಗವೇ ಇಲ್ಲದಾಗ ಹಬ್ಬದಲ್ಲಿ ಉಳಿಯುವುದೇನು?

ಉತ್ತರ ಶಿಲುಬೆ ಹಾದಿಯ ಚರಿತ್ರೆಯಲ್ಲೇ ಇದೆ. ಜೆರುಸಲೇಮಿನ ಪವಿತ್ರ ಸ್ಥಳಗಳಿಗೆ ಹೋಗಲಾಗದ ಭಕ್ತರು ತಮ್ಮ ಊರಲ್ಲೇ ಪ್ರಭುವಿನ ಯಾತನೆಯ ದಾರಿಯಲ್ಲಿ ನಡೆಯಲೆಂದು ಬೆಳೆದುಬಂದ ಭಕ್ತಿ ಇದು. ಫ್ರಾನ್ಸಿಸ್ಕನ್ ಸಭೆಯವರು ಇದನ್ನು ಹರಡಿದರು. 1731ರಲ್ಲಿ ಜಗದ್ಗುರು ಹನ್ನೆರಡನೇ ಕ್ಲೆಮೆಂಟ್ ಅವರು ಎಲ್ಲ ದೇವಾಲಯಗಳಲ್ಲೂ ಇದಕ್ಕೆ ಅನುಮತಿ ನೀಡಿ, ಸ್ಥಳಗಳ ಸಂಖ್ಯೆಯನ್ನು 14 ಎಂದು ನಿಗದಿಪಡಿಸಿದರು. ಧರ್ಮಸಭೆ ಕೇಳುವುದು 14 ಶಿಲುಬೆಗಳನ್ನು ಮಾತ್ರ. ಚಿತ್ರ, ಪ್ರತಿಮೆಗಳು ಧ್ಯಾನಕ್ಕೆ ಸಹಾಯಕ. ನ್ಯಾಯವಾದ ಅಡ್ಡಿಯಿಂದ ಬರಲಾಗದವರು ಪ್ರಭುವಿನ ಯಾತನೆಯನ್ನು ಸ್ವಲ್ಪ ಹೊತ್ತು ಓದಿ ಧ್ಯಾನಿಸಿದರೂ ಅದೇ ಫಲವಿದೆ. ಅಂದರೆ ಶಿಲುಬೆ ಹಾದಿ ಮೊದಲಿನಿಂದಲೂ ದಾರಿ ಮುಚ್ಚಿದವರ ಪ್ರಾರ್ಥನೆ.

ಹಾಗಾದರೆ ಶಿಲುಬೆ ತೆಗೆದರೂ ನಾವು ಸುಮ್ಮನಿರಬೇಕೇ? ಖಂಡಿತ ಇಲ್ಲ. ಧರ್ಮವನ್ನು ಅವಲಂಬಿಸುವ, ಆಚರಿಸುವ, ಪ್ರಸಾರ ಮಾಡುವ ಹಕ್ಕನ್ನು ಸಂವಿಧಾನದ 25ನೇ ವಿಧಿ ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ ಮತ್ತು ಆರೋಗ್ಯಕ್ಕೆ ಒಳಪಟ್ಟು ಎಲ್ಲರಿಗೂ ನೀಡಿದೆ. ಆರೋಗ್ಯಕ್ಕಾಗಿ ದೇವಾಲಯ ಮುಚ್ಚಿದಾಗ ನಾವು ಒಪ್ಪಿದೆವು. ಆದರೆ ಕೆಲವರ ಒತ್ತಡದಿಂದ ಒಂದು ಊರಿನವರ ಪ್ರಾರ್ಥನೆಯ ಗುರುತು ಅಳಿದಾಗ ಕಾನೂನಿನ ದಾರಿಯಲ್ಲಿ, ಶಾಂತಿಯಿಂದ ಪ್ರಶ್ನಿಸುವುದು ನಮ್ಮ ಕರ್ತವ್ಯ.

ಇನ್ನೊಂದು ಅಪಾಯವೂ ಇದೆ. 2019ರ ಕ್ರಿಸ್‌ಮಸ್ ದಿನ ಕನಕಪುರ ತಾಲೂಕಿನ ಹಾರೋಬೆಲೆಯ ಕಪಾಲ ಬೆಟ್ಟದಲ್ಲಿ 114 ಅಡಿಯ ಯೇಸು ಪ್ರತಿಮೆಗೆ ಶಂಕುಸ್ಥಾಪನೆ ನಡೆದಾಗ, ನಾಡಿನಲ್ಲೆಲ್ಲ ಚರ್ಚೆಯಾದದ್ದು ಪ್ರತಿಮೆಯ ಎತ್ತರ ಮತ್ತು ಪಕ್ಷಗಳ ಲೆಕ್ಕಾಚಾರ. ಊರಿನವರ ಭಕ್ತಿಯ ಬಗ್ಗೆ ಮಾತನಾಡಿದವರು ಕಡಿಮೆ. ಅಡಿಗಳಲ್ಲಿ ಅಳೆಯುವ ವಿಶ್ವಾಸ ರಾಜಕೀಯಕ್ಕೆ ಬೇಗ ಸಿಕ್ಕಿಬೀಳುತ್ತದೆ.

ಕರಾವಳಿಯ ನಮಗೆ ಈ ನೋವು ಹೊಸದಲ್ಲ. 2008ರ ಸೆಪ್ಟೆಂಬರ್ 14ರ ಭಾನುವಾರ ಮಂಗಳೂರಿನ ಆರಾಧನಾ ಮಠದ ಮೇಲೆ ದಾಳಿಯಾಯಿತು. ಅಂದು ಪವಿತ್ರ ಶಿಲುಬೆಯ ವಿಜಯೋತ್ಸವ. ಪ್ರತಿ ವರ್ಷ ಆ ಹಬ್ಬದೊಂದಿಗೆ ಆ ನೆನಪೂ ಬರುತ್ತದೆ. ಮರುದಿನವೇ ವ್ಯಾಕುಲಮಾತೆಯ ಸ್ಮರಣೆ. ಧರ್ಮಸಭೆಯ ಪಂಚಾಂಗ ಗಾಯವನ್ನು ಮರೆಸುವುದಿಲ್ಲ, ಗಾಯದಲ್ಲೇ ನಿಲ್ಲಿಸುವುದೂ ಇಲ್ಲ. ಕಣ್ಣೀರಿಗೂ ಕ್ಷಮೆಗೂ ಅದರಲ್ಲಿ ಒಂದೊಂದು ದಿನವಿದೆ. ತಪಸ್ಸು ಕಾಲ ಪಾಸ್ಕದಲ್ಲೇ ಮುಗಿಯುತ್ತದೆ.

ಆದ್ದರಿಂದ ನಮ್ಮ ಧರ್ಮಕೇಂದ್ರಗಳು ಮೂರು ಕೆಲಸ ಮಾಡಬಹುದು. ಒಂದು, ಪಾಲನಾ ಪರಿಷತ್ತು ಸ್ಮಶಾನ, ಗುಡ್ಡ, ಗ್ರೊಟ್ಟೊ ಇರುವ ಜಾಗಗಳ ಪಹಣಿ ಹಾಗೂ ಮಂಜೂರಾತಿ ಪತ್ರಗಳನ್ನು ತೆರೆದು ನೋಡಲಿ. ಎರಡು, ಗುರುಗಳಿಲ್ಲದೆಯೂ ಮನೆಮಂದಿ ಸೇರಿ ಶಿಲುಬೆ ಹಾದಿ ನಡೆಸುವುದನ್ನು ಧರ್ಮೋಪದೇಶದ ತರಗತಿಯಲ್ಲಿ ಮಕ್ಕಳಿಗೆ ಕಲಿಸಲಿ. 2020ರಲ್ಲಿ ಇದು ಗೊತ್ತಿದ್ದ ಮನೆಗಳಲ್ಲಿ ಶುಭ ಶುಕ್ರವಾರ ಖಾಲಿಯಾಗಿ ಕಳೆಯಲಿಲ್ಲ. ಮೂರು, ಉಪವಾಸದಿಂದ ಉಳಿಸಿದ್ದು ಜಾತಿ ಮತ ನೋಡದೆ ನೆರೆಮನೆಯ ಬಡವನಿಗೆ ತಲುಪಲಿ. ನಾವು ಬೆಟ್ಟದಲ್ಲಿ ಏಕೆ ಪ್ರಾರ್ಥಿಸುತ್ತೇವೆಂದು ತಿಳಿದ ನೆರೆಯವನು ಹೊರಗಿನವರ ಮಾತಿಗೆ ಸುಲಭವಾಗಿ ಕಿವಿಗೊಡುವುದಿಲ್ಲ.

ನಮ್ಮ ಶುಕ್ರವಾರದ ಶಿಲುಬೆ ಹಾದಿಯಲ್ಲಿ ಒಂದು ಸ್ಥಳವನ್ನು ದೊಡ್ಡಸಾಗರಹಳ್ಳಿಯ ವಿಶ್ವಾಸಿಗಳಿಗಾಗಿಯೂ, ಅವರನ್ನು ವಿರೋಧಿಸಿದವರಿಗಾಗಿಯೂ ಒಪ್ಪಿಸೋಣ. ಶಿಲುಬೆಯ ಮೇಲಿಂದ ಪ್ರಭು ಪ್ರಾರ್ಥಿಸಿದ್ದೂ ಹಾಗೆಯೇ.