ಉಂಗುರವೆಲ್ಲಿ ಎಂದು ಕೇಳುವವರು

ನಮ್ಮ ಕಾಲೇಜಿನ ಉಪನ್ಯಾಸಕರ ಕೊಠಡಿಯಲ್ಲಿ ಮೊನ್ನೆ ಹಿರಿಯರೊಬ್ಬರು ತೀರ್ಪು ಕೊಟ್ಟುಬಿಟ್ಟರು: “ಮೊಬೈಲಿನಲ್ಲಿ ಮುಖ ನೋಡಿ ಸಮುದ್ರದಾಚೆಯವನನ್ನು ಕಟ್ಟಿಕೊಂಡರೆ ಇನ್ನೇನಾಗುತ್ತದೆ? ಅನುಭವಿಸಲಿ.” ಮಾತು ಬಂದದ್ದು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ವಿಷಯವಾಗಿ. ತಾಯಲೂರಿನ ಕಡೆಯ ಹುಡುಗಿ. ಗಂಡ ಟೆಕ್ಸಾಸಿನಲ್ಲಿ ಎಂಜಿನಿಯರು. ಹನ್ನೆರಡು ದಿನದ ರಜೆಯಲ್ಲಿ ಬಂದು ತಾಳಿ ಕಟ್ಟಿ ಹೋದ. ಈಕೆ ವೀಸಾಕ್ಕಾಗಿ ಕಾಯುತ್ತ ತವರಿನಲ್ಲೇ ಇದ್ದಾಳೆ. ಚಳಿಗಾಲದಲ್ಲಿ ಅವನಿಗೆ ಬೆಳಗಿನ ಏಳಾದಾಗ ಇವಳಿಗೆ ಸಂಜೆ ಆರೂವರೆ. ಸಂಸಾರವೆಂದರೆ ಆ ಹೊತ್ತಿನ ಅರ್ಧ ಗಂಟೆಯ ಮಾತು, ಅಷ್ಟೆ.

ಹಿರಿಯರ ತೀರ್ಪನ್ನು ನಾನು ಒಪ್ಪಲಾರೆ. ಈ ಸಂಬಂಧವನ್ನು ಮೊಬೈಲಿನಲ್ಲಿ ಹುಡುಕಿದವಳು ಅವಳಲ್ಲ, ಅವಳ ತಂದೆ. ಜಾತಕ ಕೂಡಿಸಿ, ಗೋತ್ರ ಕೇಳಿ, ಮುಳಬಾಗಿಲಿನ ಛತ್ರದಲ್ಲಿ ಊರಿಗೆಲ್ಲ ಊಟ ಹಾಕಿಸಿ ಮಾಡಿದ ಮದುವೆ ಅದು. ಅವಳೇ ನೋಡಿ ಮೆಚ್ಚಿದ್ದರೂ ನನ್ನ ವಾದ ಬದಲಾಗುತ್ತಿರಲಿಲ್ಲವೆನ್ನಿ. ಪರಿಚಯ ಎಲ್ಲಿ ಆಯಿತೆಂಬುದಕ್ಕೂ ಈ ಸಂಕಟಕ್ಕೂ ಸಂಬಂಧವಿಲ್ಲ.

ಗಡಿ ದಾಟುವ ಮದುವೆ ನಮ್ಮ ಸೀಮೆಗೆ ಹೊಸತೇನಲ್ಲ. ಪಲಮನೇರು, ಪುಂಗನೂರುಗಳಿಂದ ಹೆಣ್ಣು ತರುವುದು, ಆ ಕಡೆಗೆ ಕೊಡುವುದು ನಮ್ಮ ಅಜ್ಜಂದಿರ ಕಾಲದಿಂದ ನಡೆದುಬಂದಿದೆ. ಅತ್ತ ಮದರಾಸು ಪ್ರಾಂತ್ಯವಿದ್ದಾಗಲೂ, 1953ರಲ್ಲಿ ಅದು ಆಂಧ್ರವಾದಾಗಲೂ ನಂಗಲಿಯ ಗಡಿಯಲ್ಲಿ ಮದುಮಗಳನ್ನು ನಿಲ್ಲಿಸಿ “ನಿನ್ನ ಮದುವೆ ನಿಜವೇ?” ಎಂದು ಯಾರೂ ಕೇಳಲಿಲ್ಲ. ಇಂದು ಕೇಳುತ್ತಾರೆ. ಜೊತೆಯಲ್ಲಿ ತೆಗೆಸಿದ ಪಟ, ಮಾತನಾಡಿದ ದಿನಗಳ ಲೆಕ್ಕ, ಕಳಿಸಿದ ಹಣದ ರಸೀದಿ, ಎಲ್ಲವೂ ಬೇಕು. ಡಿಸೆಂಬರ್ 2025ರಿಂದ ಅಮೆರಿಕ ಸರಕಾರವು ಎಚ್-1ಬಿ ನೌಕರರ ಜೊತೆಗೆ ಅವರ ಹೆಂಡಿರ ಸಾಮಾಜಿಕ ಜಾಲತಾಣದ ಖಾತೆಗಳನ್ನೂ ಎಲ್ಲರಿಗೂ ಕಾಣುವಂತೆ ತೆರೆದಿಡಬೇಕೆಂದು ವಿಧಿಸಿದೆ. ಶಕುಂತಳೆಗೆ ದುಷ್ಯಂತನ ಸಭೆಯಲ್ಲಿ ತೋರಿಸಬೇಕಾಗಿದ್ದುದು ಒಂದೇ ಉಂಗುರ. ಅದು ಕಳೆದದ್ದಕ್ಕೆ ನಾವು ಇಂದಿಗೂ ಮರುಗುತ್ತೇವೆ. ಆ ನಾಟಕವನ್ನು ಕನ್ನಡಕ್ಕೆ ತಂದ ಬಸವಪ್ಪ ಶಾಸ್ತ್ರಿಗಳನ್ನು ವರ್ಷವರ್ಷವೂ ತರಗತಿಯಲ್ಲಿ ಕೊಂಡಾಡುವ ನಾವು, ಕಂತೆಗಟ್ಟಲೆ ಉಂಗುರ ಹೊತ್ತು ದೂತಾವಾಸದ ಬಾಗಿಲಲ್ಲಿ ನಿಂತ ಶಕುಂತಳೆಯರನ್ನು ಕಂಡು “ಅನುಭವಿಸಲಿ” ಎನ್ನಬಹುದೆ?

ಸುಳ್ಳು ಮದುವೆಗಳಿಲ್ಲವೆ ಎನ್ನುವಿರಿ. ಉಂಟು. ಹಣಕ್ಕಾಗಿ ಹಾರ ಬದಲಾಯಿಸುವವರು ಎಲ್ಲ ದೇಶದಲ್ಲೂ ಇದ್ದಾರೆ, ಸರಕಾರ ವಿಚಾರಿಸುವುದು ತಪ್ಪಲ್ಲ. ಆದರೆ ಸತ್ಯವಾದ ಮದುವೆಯೆಂದು ಒಪ್ಪಿದ ಮೇಲಾದರೂ ಹೆಂಡತಿಗೆ ಸಿಗುವುದೇನು? ಎಚ್-4 ಎಂಬ ಚೀಟಿ. ಅದು ಗಂಡನ ನೌಕರಿಯ ಬಾಲ. ನೌಕರಿ ಹೋದರೆ ಇಬ್ಬರಿಗೂ ಸಾಮಾನ್ಯವಾಗಿ ಅರವತ್ತು ದಿನದ ಗಡುವು. ವಿಚ್ಛೇದನವಾದರೆ ಅವಳ ಚೀಟಿ ಅಂದಿಗೇ ಮುಗಿಯಿತು. 2015ರ ಮೇ ತಿಂಗಳವರೆಗೆ ಎಚ್-4ನವರು ದುಡಿಯುವಂತೆಯೇ ಇರಲಿಲ್ಲ. ಆಮೇಲೂ ಗಂಡನ ಹಸಿರು ಕಾರ್ಡಿನ ಅರ್ಜಿ ಒಂದು ಹಂತ ಮುಟ್ಟಿದವರಿಗೆ ಮಾತ್ರ ಅವಕಾಶ. ಒಂದು ದೇಶಕ್ಕೆ ನೂರರಲ್ಲಿ ಏಳಕ್ಕಿಂತ ಹೆಚ್ಚು ಕೊಡಬಾರದೆಂಬ ಕಟ್ಟಳೆಯಿಂದ ಭಾರತೀಯರ ಸಾಲು ಎಷ್ಟು ಉದ್ದವಾಗಿದೆಯೆಂಬುದು ಎಲ್ಲರಿಗೂ ಗೊತ್ತು. ಎಂ.ಎಸ್ಸಿ. ಓದಿದ ಹುಡುಗಿ ಅಡಿಗೆಮನೆಯ ಕಿಟಕಿಯಿಂದ ಹಿಮ ನೋಡುತ್ತ ಕೂರುವುದು ಹೀಗೆ.

ಅಲ್ಲಿನ ಪೌರನನ್ನೇ ಮದುವೆಯಾದರೆ ಸುಖವೆನ್ನುವಂತಿಲ್ಲ. 1986ರ ಕಾಯಿದೆಯ ಪ್ರಕಾರ ಹೊಸ ಮದುವೆಯವರಿಗೆ ಮೊದಲ ಎರಡು ವರ್ಷ ಷರತ್ತಿನ ವಾಸ. ಕೊನೆಗೆ ಇಬ್ಬರೂ ಸೇರಿ ಅರ್ಜಿ ಹಾಕಬೇಕು. ಹೊಡೆಯುವ ಗಂಡನಿಂದ ಬಿಡಿಸಿಕೊಳ್ಳಲು ವಿನಾಯಿತಿಯುಂಟು, ಆದರೆ ಸಾಕ್ಷಿ ಒದಗಿಸುವ ಹೊಣೆ ಅವಳದೇ. ಬ್ರಿಟನ್ನಿನ ನ್ಯಾಯ ಇನ್ನೂ ಸರಳ: ಹೆಂಡತಿಯನ್ನು ಕರೆಸಿಕೊಳ್ಳಲು ವರ್ಷಕ್ಕೆ 18,600 ಪೌಂಡಿನ ವರಮಾನ ಸಾಕಾಗಿತ್ತು, ಏಪ್ರಿಲ್ 2024ರಿಂದ 29,000 ಬೇಕು. ಬಡವನಿಗೆ ದಾಂಪತ್ಯವೇಕೆಂದು ನೇರವಾಗಿಯೇ ಕೇಳಿದಂತಾಯಿತು. ನಮ್ಮ ಸರಕಾರವೂ ಇದರಲ್ಲಿ ಹಿಂದೆ ಬಿದ್ದಿಲ್ಲ. ಭಾರತೀಯನನ್ನು ವರಿಸಿದ ಪರದೇಶದವಳು ಸಾಗರೋತ್ತರ ಪೌರತ್ವದ ಕಾರ್ಡು ಬೇಡಬೇಕಾದರೆ ಮದುವೆ ನೋಂದಣಿಯಾಗಿ ಎರಡು ವರ್ಷ ಬಾಳಿರಬೇಕು.

ಇಷ್ಟು ಬೈದ ಮೇಲೆ ನಮ್ಮ ಮನೆಯ ಕಡೆಗೂ ತಿರುಗಬೇಕು. ಆ ಹುಡುಗಿಯ ತಂದೆಯನ್ನು ನಾನು ಕೇಳಿದೆ: “ಹುಡುಗನದು ಯಾವ ವೀಸಾ ಅಂತ ವಿಚಾರಿಸಿದಿರಾ?” ಅವರು “ಅದೆಲ್ಲ ಅವರೇ ನೋಡಿಕೊಳ್ತಾರಲ್ಲ ಮೇಷ್ಟ್ರೇ” ಎಂದರು. ಸಂಬಳ ಎಷ್ಟು ಡಾಲರೆಂದು ಗೊತ್ತಿತ್ತು, ಸ್ವಂತ ಮನೆ ಇದೆಯೆಂದು ಗೊತ್ತಿತ್ತು. ಮದುವೆಯ ಪಟಗಳಿಗೆ ಎರಡು ಲಕ್ಷ ಸುರಿದ ಮನೆ ನೋಂದಣಿ ಕಚೇರಿಗೆ ಹೋದದ್ದು ಮಾತ್ರ ನಾಲ್ಕು ತಿಂಗಳ ಮೇಲೆ! ಎಲ್ಲ ಮದುವೆಗಳೂ ನೋಂದಣಿಯಾಗಬೇಕೆಂದು ಸರ್ವೋಚ್ಚ ನ್ಯಾಯಾಲಯ ಹೇಳಿದ್ದು 2006ರಲ್ಲಿ. ಅನಿವಾಸಿಗಳ ಮದುವೆಯನ್ನು ಮೂವತ್ತು ದಿನದೊಳಗೆ ನೋಂದಾಯಿಸಬೇಕೆಂಬ ಮಸೂದೆ 2019ರ ಫೆಬ್ರವರಿಯಲ್ಲಿ ರಾಜ್ಯಸಭೆಯ ಮುಂದೆ ಬಂತು. 2024ರಲ್ಲಿ ಕಾನೂನು ಆಯೋಗವೂ ನೋಂದಣಿ ಕಡ್ಡಾಯವಾಗಲೆಂದು ವರದಿ ಕೊಟ್ಟಿತು. ತಾಳಿ ಕಟ್ಟಿ ವಿಮಾನ ಹತ್ತಿ ಮತ್ತೆ ಮುಖ ತೋರಿಸದ ಗಂಡಂದಿರ ಕಥೆಗಳು ಅಷ್ಟರಲ್ಲಿ ಬೇಕಾದಷ್ಟಾಗಿದ್ದವು.

ನಮ್ಮ ಹಿರಿಯರಿಗೆ ನನ್ನದೊಂದು ಬಿನ್ನಹ. ಅವರ ಮೊಮ್ಮಗಳಿಗೂ ಈಗ ವರ ನೋಡುತ್ತಿದ್ದಾರೆ, ಕ್ಯಾಲಿಫೋರ್ನಿಯಾದ ಕಡೆಯದು. ಜಾತಕ ತರಿಸುವ ದಿನವೇ ಹುಡುಗನ ವೀಸಾದ ಪ್ರತಿಯನ್ನೂ ತರಿಸಲಿ. ಮೊಮ್ಮಗಳಿಗೆ ಅಲ್ಲಿ ದುಡಿಯುವ ಹಕ್ಕು ಯಾವಾಗ ಬರುತ್ತದೆಂದು ಅವನ ಬಾಯಿಂದಲೇ ಕೇಳಲಿ. ಕೇಳಿದರೆ ಸಂಬಂಧ ತಪ್ಪಿಹೋದೀತೆಂಬ ಭಯ ಅವರಿಗೆ ಇದೆಯೆಂದು ನಾನು ಬಲ್ಲೆ.